ಹಿಡಿದ ವೀಳ್ಯ

ಕೊರ್ತಾಲಿಮ್ ಸೇತುವೆಯ ಕೆಳಗಿನ ಇಳಿಜಾರಿನಲ್ಲಿ, ದುಡಿಯಲು ಬಂದ ನಮ್ಮ ಸೀಮೆಯವರ ಗುಡಿಸಲುಗಳಿವೆ. ಅವರಿಗೆಲ್ಲ ಹಿರಿಯ ಪರಮಣ್ಣ, ಬಂದರಿನಲ್ಲಿ ಹಮಾಲಿ ಮಾಡುವವ. ಭಾಟಕಾರ, ಎಂದರೆ ಆ ಜಾಗದ ಒಡೆಯ, ಎಲ್ಲರನ್ನೂ ಎಬ್ಬಿಸಬೇಕೆಂದಿದ್ದ. ಅವನ ಹತ್ತಿರ ಮಾತಿಗೆ ಯಾರೂ ಒಬ್ಬರೇ ಹೋಗಬಾರದು ಎಂದು ಗೇರುಮರದ ಕೆಳಗಿನ ಎಲ್ಲಮ್ಮನ ಮುಂದೆ ಭಂಡಾರ ಮುಟ್ಟಿಸಿ ಆಣೆ ಮಾಡಿಸಿದವನೂ ಪರಮಣ್ಣನೇ.

ಆ ಸಂಜೆ ಅವನು ಮನೆಗೆ ಬಂದಾಗ ಬಲಗೈ ಮುಷ್ಟಿ ಬಿಗಿದಿತ್ತು.

“ಕೈಯಾಗ ಏನೈತ್ರಿ?” ಎಂದಳು ಹೆಂಡತಿ ಸತ್ಯವ್ವ.

ಬಿಚ್ಚಿ ತೋರಿಸಿದ. ಲವಂಗ ಚುಚ್ಚಿದ ವೀಳ್ಯ, ಬೆವರಿಗೆ ಬಾಡಿತ್ತು.

“ಬಸ್ಸಿಗೆ ನಿಂತಿದ್ದೆ. ಭಾಟಕಾರನ ಕಡ್ಯಾವ ಬಂದು ಚಾ ಕುಡಿಸಿದ. ಆಮ್ಯಾಲ ಇದನ್ನ ಕೈಯಾಗಿಟ್ಟ. ವಯಸ್ಸಾದಾಂವ, ಒಲ್ಲೆ ಅನ್ನಾಕ ಬಾಯಿ ಬರಲಿಲ್ಲ. ಬಾಜೂ ಮನಿ ಯಮನೂರ ನೋಡಿದ.”

ಸತ್ಯವ್ವ ಒಲೆಯ ಮುಂದೆ ಹಾಗೇ ಕುಳಿತಳು. ಮದುವೆಯ ಮಾತಿರಲಿ, ಹೊಲದ ಮಾತಿರಲಿ, ವೀಳ್ಯ ಹಿಡಿದರೆ ಒಪ್ಪಿದಂತೆ ಎಂಬುದು ಇಲ್ಲಿ ಕೂಸಿಗೂ ಗೊತ್ತು.

ಮೂಲೆಯಲ್ಲಿ ಮಗಳು ಮಂಗಲಾ ಓದುತ್ತಿದ್ದಳು. ಕಾಲೇಜಿನಲ್ಲಿ ಇತಿಹಾಸ ಓದುವವಳು. ನಿನ್ನೆ ಊಟಕ್ಕೆ ಕುಳಿತಾಗ ಅವಳೇ ಹೇಳಿದ್ದಳು: ಇನ್ನೂರು ವರ್ಷದ ಹಿಂದೆ ಅಮೆರಿಕದಲ್ಲಿ ಕ್ರೀಕ್ ಎಂಬ ಜನ. ಅವರ ನೆಲ ಬೇಕೆಂದು ಸರಕಾರದವರು ಮೇಲಿಂದ ಮೇಲೆ ಮಾತಿಗೆ ಕರೆಯುತ್ತಿದ್ದರು, ಉಡುಗೊರೆ ಕೊಡುತ್ತಿದ್ದರು. ಸಭೆ ಒಪ್ಪದೆ ನೆಲ ಕೊಟ್ಟವನಿಗೆ ಸಾವೇ ಎಂದು ಆ ಜನ ಕಟ್ಟಳೆ ಮಾಡಿಕೊಂಡರು. ಕಟ್ಟಳೆಗೆ ಹೂಂ ಅಂದಿದ್ದ ನಾಯಕನೇ ಮುಂದೊಮ್ಮೆ ಸಭೆಯನ್ನು ಮೀರಿ ನೆಲ ಬಿಟ್ಟುಕೊಡುವ ಒಪ್ಪಂದಕ್ಕೆ ಸಹಿ ಹಾಕಿದ. ಒಂದು ನಸುಕಿನಲ್ಲಿ ಅವನದೇ ಜನ ಬಂದು, ಮನೆಗೆ ಬೆಂಕಿ ಇಟ್ಟು, ಅವನನ್ನು ಕೊಂದರು.

“ಅವನ ಮಂದೀನ ಅವನ್ನ ಕೊಂದ್ರ?” ಎಂದು ಪರಮಣ್ಣ ನಿನ್ನೆ ನಕ್ಕಿದ್ದ. ಇಂದು ಮಾಡಿನ ತಾಡಪತ್ರಿ ಗಾಳಿಗೆ ಪಟಪಟಿಸಿದರೂ ಬಾಗಿಲ ಕಡೆ ನೋಡಿದ.

“ಒಲಿಗೆ ಹಾಕ್ರಿ ಅದನ್ನ,” ಎಂದಳು ಸತ್ಯವ್ವ.

“ಹಾಕಿದ್ರ ತಿಂದಾನ ಅಂತಾರ.”

ಹೊರಗಿನಿಂದ ಯಮನೂರನ ದನಿ ಬಂತು. “ಕಾಕಾ, ಎಲ್ಲಮ್ಮನ ಕಟ್ಟಿ ಹತ್ರ ಬಾ. ಮಂದಿ ಕೂಡೈತಿ.”

ಗೇರುಮರದ ಕೆಳಗೆ ಎಲ್ಲರೂ ನಿಂತಿದ್ದರು. ಕುಳಿತುಕೋ ಎಂದು ಯಾರೂ ಅನ್ನಲಿಲ್ಲ.

“ನಾಲಿಗಿ ತೆಗಿ, ನೋಡೋಣು,” ಎಂದ ಯಮನೂರ.

ಪರಮಣ್ಣ ತೆಗೆದ. ಕೆಂಪಗಿತ್ತು.

“ಅದು ಯಾವತ್ತು ಬೆಳ್ಳಗಿತ್ತೋ ತಮ್ಮಾ?” ಎಂದಳು ಹಿಂದಿನಿಂದ ಸತ್ಯವ್ವ. “ನನ್ನ ಮದವ್ಯಾಗೂ ಹಂಗ ಇತ್ತು.”

ಒಂದಿಬ್ಬರು ನಕ್ಕರು. ಯಮನೂರ ನಗಲಿಲ್ಲ.

ಪರಮಣ್ಣ ಮುಷ್ಟಿ ಬಿಚ್ಚಿದ. “ಲವಂಗ ಕಿತ್ತಿಲ್ಲ ನೋಡ್ರಿ. ಎಲ್ಲಮ್ಮನಾಣಿ, ಮಾತು ಕೊಟ್ಟಿಲ್ಲ.”

“ತಿಂದಿಲ್ಲ, ಖರೇ. ಹಿಡದಿಯಲ್ಲ?”

“ಹಿಡದೀನಿ. ತಪ್ಪಾತು. ಹೊಳ್ಳಿ ಕೊಟ್ಟ ಬರ್ತೀನಿ.”

“ಒಬ್ಬನ ಹೋಗ್ತೀಯೇನು?”

ಪರಮಣ್ಣ ಮೊಣಕಾಲೂರಿದ. ಎಲ್ಲಮ್ಮನ ಕಲ್ಲಿಗೆ ಹಣೆ ಹಚ್ಚಿದ. ಕಲ್ಲು ತಣ್ಣಗಿತ್ತು.

“ಇಲ್ಲ,” ಎಂದ, ಎದ್ದು. “ಎಲ್ಲಾರೂ ಬರ್ರಿ.”

“ಮುಂದ ನಡಿ ಹಂಗಾರ.”

ಭಾಟಕಾರನ ಮನೆ ಗುಡ್ಡದ ಮೇಲಿತ್ತು. ಪರಮಣ್ಣ ಮುಂದೆ ಏರಿದ. ಹಿಂದೆ ಒಣಗಿದ ಎಲೆಗಳ ಮೇಲೆ ಅಷ್ಟೂ ಜನರ ಹೆಜ್ಜೆ. ಅವರು ತನ್ನ ಜೊತೆ ಬರುತ್ತಿದ್ದಾರೋ, ತನ್ನನ್ನು ಒಯ್ಯುತ್ತಿದ್ದಾರೋ ತಿಳಿಯಲಿಲ್ಲ. ತಿರುಗಿ ನೋಡುವ ಧೈರ್ಯವೂ ಆಗಲಿಲ್ಲ. ಎಲ್ಲಮ್ಮನನ್ನು ನೆನೆಯುತ್ತ, ಎಲೆ ಹರಿಯದಂತೆ ಅಂಗೈಯನ್ನು ತುಸು ಸಡಿಲ ಮಾಡಿಕೊಂಡ.