ಖರೇ ಬಣ್ಣ

"ಸೂರ್ಯ ಒಂದು ನಕ್ಷತ್ರ," ಎಂದು ಶೈಲಶ್ರೀ ಪಡಸಾಲೆಯಲ್ಲಿ ಕೂತು ಮೂರನೆಯ ಸಲ ಓದಿದಳು. ನಾಳೆ ಶಾಲೆಯಲ್ಲಿ ಕೇಳುತ್ತಾರಂತೆ.

ಬಾಣಂತಿ ಕೋಣೆಯ ಬಾಗಿಲಲ್ಲಿ ಅರಿಶಿನ ಎಣ್ಣೆ ಕಲಸುತ್ತಿದ್ದ ಅವಳ ಅಜ್ಜಿ ಕಸ್ತೂರಬಾಯಿಗೆ ನಗು ಬಂತು. "ನಕ್ಷತ್ರ ಆದ್ರ ರಾತ್ರಿ ಯಾಕ ಬರೂದಿಲ್ಲ?"

"ಅಂವ ಇದ್ದಲ್ಲೇ ಇರ್ತಾನ ಆಯಿ. ನಾವು ತಿರಗತೀವಿ."

"ತಿರಗಿ ತಿರಗಿನ ನನ್ನ ಮಣಕಾಲ ಹೋಗ್ಯಾವ ನೋಡು."

ಭಂಡಾರಕವಠೆಯ ಆ ಮನೆಯಲ್ಲಿ ಸೂರ್ಯನಿಗೆ ಪ್ರವೇಶವಿಲ್ಲದ್ದು ಅದೊಂದೇ ಕೋಣೆ. ಮಗಳು ದೀಪಾಲಿ ಸೋಲಾಪುರದ ದವಾಖಾನೆಯಲ್ಲಿ ಹೆತ್ತು ತವರಿಗೆ ಬಂದ ದಿನವೇ ಕಸ್ತೂರಬಾಯಿ ಕಿಟಕಿಗೆ ಕಂಬಳಿ ಕಟ್ಟಿದ್ದಳು. ಹೆಸರಿಡುವ ತನಕ ಕೂಸಿಗೆ ಗಾಳಿ, ಬಿಸಿಲು, ಮಂದಿಯ ಕಣ್ಣು ತಾಕಬಾರದು. ಎರಡು ವರ್ಷದ ಹಿಂದೆ ದೀಪಾಲಿಯ ಮೊದಲ ಕೂಸನ್ನೂ ಹೀಗೆಯೇ ಜೋಪಾನ ಮಾಡಿದ್ದಳು. ಮೈ ಹಳದಿ ಕಂಡರೆ ಅದು ಕಾಮಾಲೆ, ಕೂಡಲೇ ಕರೆತನ್ನಿ ಎಂದು ಆಗ ದವಾಖಾನೆಯ ನರ್ಸ್ ಹೇಳಿ ಕಳಿಸಿದ್ದಳು. ಬಲ್ಬಿನ ಕೆಳಗೆ, ಅರಿಶಿನ ಹಚ್ಚಿಸಿಕೊಂಡ ಕೂಸು ಹಳದಿಯಾಗದೆ ಇನ್ನೇನಾದೀತು? ಉಸಿರು ನಿಂತ ಮೇಲೆ ಅಂಗಳಕ್ಕೆ ತಂದಾಗಲೇ ಅದರ ಮೈಯನ್ನು ಹಗಲಲ್ಲಿ ನೋಡಿದ್ದು. ಆ ಬಣ್ಣ ಕಸ್ತೂರಬಾಯಿಯನ್ನು ಬಿಟ್ಟಿಲ್ಲ. ಬೇಳೆ ತೊಳೆಯುವಾಗ ಬರುತ್ತದೆ, ಚೆಂಡುಹೂ ಕಟ್ಟುವಾಗ ಬರುತ್ತದೆ. ದೃಷ್ಟಿ ತಾಗಿ ಹೋಯಿತು ಎಂದು ಊರು ಹೇಳಿತು, ಅವಳೂ ಹೂಂ ಎಂದಳು. ಹಾಗಾಗಿ ಈ ಸಲ ಇನ್ನೂ ದಪ್ಪ ಕಂಬಳಿ ಹುಡುಕಿದ್ದಳು.

"ಸೂರ್ಯನ ಬೆಳಕಿನಾಗ ಏಳು ಬಣ್ಣ ಅದಾವ," ಎಂದಳು ಶೈಲಶ್ರೀ. "ಅದಕ್ಕ ಬಿಸಿಲಾಗ ಎಲ್ಲಾದರ ಖರೇ ಬಣ್ಣ ಕಾಣ್ತದಂತ. ಟೀಚರ್ ಹೇಳ್ಯಾರ."

"ಬಲ್ಬಿನಾಗ?"

"ಬಲ್ಬಿನಾಗ ಮೋಸ ಆಗ್ತದ. ದುಕಾನದಾಗ ಸೀರಿ ತಗೊಳ್ಳಾಗ ನೀನೇ ಹೊರಗ ತಂದು ನೋಡ್ತೀಯಲ್ಲ ಆಯಿ!"

ಕಸ್ತೂರಬಾಯಿಯ ಕೈ ಎಣ್ಣೆಯಲ್ಲೇ ನಿಂತಿತು. ಸೀರೆಗೆ ತೋರಿಸಿದ ಬಿಸಿಲನ್ನು ತಾನು ಕೂಸಿಗೆ ತೋರಿಸಿರಲಿಲ್ಲ.

ಒಳಗೆ ಹೋಗಿ ಕೈ ಚಾಚಿದಳು. "ಕೂಸು ಕೊಡು. ಹೊರಗ ಒಯ್ತೀನಿ."

ದೀಪಾಲಿ ಕೂಸನ್ನು ಎದೆಗೆ ಅವಚಿಕೊಂಡು ಗೋಡೆಗೆ ಸರಿದಳು. "ಬ್ಯಾಡವ್ವಾ. ಮೊದಲನೇದನ್ನೂ ನೀನೇ ಹೊರಗ ಒಯ್ದಿ."

ಎರಡು ವರ್ಷದಲ್ಲಿ ಅವಳು ಆ ಮಾತೆತ್ತಿದ್ದು ಅದೇ ಮೊದಲು. ಕಸ್ತೂರಬಾಯಿ ಮಂಚದ ಅಂಚಿಗೆ ಕೂತು ಮತ್ತೆ ಕೈ ಚಾಚಿದಳು.

"ಜೀವ ಇರಾಗ ಒಯ್ಯಾಕತ್ತೀನಿ, ನನ ಮಗಳ. ಕೊಡು."

ಅಂಗಳದಲ್ಲಿ ಒದ್ದೆ ಸೆರಗಿನಿಂದ ಕೂಸಿನ ಹಣೆಯ ಅರಿಶಿನ ಒರೆಸಿದಳು. ಮತ್ತೆ ಒರೆಸಿದಳು. ಬೆರಳೊತ್ತಿ ತೆಗೆದರೆ ಆ ಜಾಗವೂ ಹಳದಿ. ಬೆಳಕಿಗೆ ಮುಖ ಕಿವುಚಿದ ಕೂಸು ತುಸು ಕಣ್ಣು ಬಿಟ್ಟಿತು. ಕಣ್ಣಿಗೆ ಯಾರೂ ಅರಿಶಿನ ಹಚ್ಚುವುದಿಲ್ಲ. ಬಿಳಿಯಿರಬೇಕಾದ ಕಡೆ ಅಲ್ಲಿಯೂ ಅದೇ ಬಣ್ಣವಿತ್ತು.

"ಉದಯಾ!" ಎಂದು ಮಗನನ್ನು ಕೂಗಿದಳು. "ಗಾಡಿ ತಗಿ. ಸೋಲಾಪುರಕ್ಕ ಹೋಗೂದದ."

ಉದಯಕುಮಾರ ಗಾಡಿ ಓಡಿಸಿದ. ದಾರಿಯಲ್ಲಿ ಮಂದ್ರೂಪ ಊರು ದಾಟಿದಾಗ ಕಿಟಕಿಯಿಂದ ಬಿಸಿಲು ಕೂಸಿನ ಮುಖದ ಮೇಲೆ ಬಿತ್ತು. ದೀಪಾಲಿ ರೂಢಿಯಂತೆ ಬಟ್ಟೆ ಎಳೆಯಹೋದಳು. ಕಸ್ತೂರಬಾಯಿ ಅವಳ ಕೈ ಹಿಡಿದಳು.

"ಮುಚ್ಚಬ್ಯಾಡ," ಎಂದಳು. "ಕಾಣ್ಲಿ."