ನಡುಗದ್ದೆಯ ತೆನೆ

ಊರಿನ ರೈತ ಸಂಘದವರು ನಮ್ಮ ಅಪ್ಪ ಅಮ್ಮನ ಚರಿತ್ರೆ ಬರೆದಿದ್ದಾರೆ. ಹನ್ನೆರಡು ಪುಟ. ಅದರಲ್ಲಿ ಮುತ್ತಜ್ಜನಿಗೆ ಒಂದೂವರೆ ಪುಟ, ಅಜ್ಜನಿಗೆ ಎರಡು, ಅಪ್ಪನಿಗೆ ಎಂಟು, ಅಪ್ಪ ಸಾಕಿದ್ದ ಎತ್ತಿನ ಜೋಡಿಗೆ ಅರ್ಧ. ಅಮ್ಮನಿಗೆ ಒಂದೇ ಒಂದು ಸಾಲು: ‘ಇವರ ಶ್ರೀಮತಿಯವರು ಗೃಹಿಣಿಯಾಗಿದ್ದು, ಅತಿಥಿ ಸತ್ಕಾರದಲ್ಲಿ ಎತ್ತಿದ ಕೈ.’

ಓದಿ ನನ್ನ ಮೈಯೆಲ್ಲ ಉರಿದುಹೋಯಿತು. ನಮ್ಮೂರಿನಲ್ಲೇ ಹೊಲಿಗೆ ಅಂಗಡಿ ಇಟ್ಟುಕೊಂಡಿರುವವಳು ನಾನು. ಸಂಘದ ಕಾರ್ಯದರ್ಶಿ ಅಂಗಿಯ ತೋಳು ಗಿಡ್ಡ ಮಾಡಿಸಲು ಬಂದವನು ಆ ಪುಸ್ತಕವನ್ನು ನನ್ನ ಮಿಷನ್ನಿನ ಮೇಲಿಟ್ಟು, ‘ಹೇಗಿದೆ ತಂಗಿ, ನಿಮ್ಮ ಮನೆತನದ ಇತಿಹಾಸ?’ ಅಂತ ಹಲ್ಲು ಕಿರಿದ. ಇಪ್ಪತ್ತು ವರ್ಷದಿಂದ ನಮ್ಮ ಮನೆಯಲ್ಲಿ ಅಮ್ಮನ ಕೈಯಡುಗೆ ಉಂಡವನು. ಉಂಡ ಮನೆಯ ಜಂತೆ ಎಣಿಸುವವರ ಬಗ್ಗೆ ಕೇಳಿದ್ದೆ. ಬಡಿಸಿದವಳೇ ಕಣ್ಣಿಗೆ ಬೀಳದವನನ್ನು ಅಂದೇ ನೋಡಿದ್ದು.

ಈ ಚರಿತ್ರೆ ಬರೆಸಿದ್ದು ಸುಮ್ಮನೆ ಅಲ್ಲ. ನಮ್ಮ ಗದ್ದೆಯ ಭತ್ತವನ್ನು ಸರ್ಕಾರದ ಬೀಜದ ಪಟ್ಟಿಗೆ ಸೇರಿಸಲು ಸಂಘದವರು ಅರ್ಜಿ ಹಾಕಿದ್ದರು. ಬೀಜ ಬೆಳೆಸಿದ ಕುಟುಂಬದ ಕಥೆಯನ್ನು ಅರ್ಜಿಯ ಜೊತೆ ಕೊಡಬೇಕಂತೆ. ಪಟ್ಟಿಗೆ ಸೇರಿದರೆ ಆ ಬೀಜ ಉಳಿಯುತ್ತದೆ, ಎಲ್ಲ ಕಡೆಗೂ ಹೋಗುತ್ತದೆ. ಅರ್ಜಿಯಲ್ಲಿ ‘ತಳಿ ಆರಿಸಿದವರು’ ಅನ್ನುವ ಕಡೆ ಅಪ್ಪನ ಹೆಸರಿತ್ತು. ಅಪ್ಪ ಆರಡಿ ಎರಡಂಗುಲ, ಊರಿಗೆಲ್ಲ ಉದ್ದಣ್ಣ. ಆ ಭತ್ತದ ಪೈರು ಮೊಣಕಾಲಿಗಿಂತ ಸ್ವಲ್ಪ ಮೇಲೆ. ಹಾಗಾಗಿ ಜನ ಅದಕ್ಕೆ ‘ಉದ್ದಣ್ಣನ ಗಿಡ್ಡಭತ್ತ’ ಅನ್ನುತ್ತಾರೆ.

ಉದ್ದಣ್ಣನದಂತೆ!

ಅಮ್ಮ ಮದುವೆಯಾಗಿ ಬಂದಾಗ ನಮ್ಮ ಗದ್ದೆಯಲ್ಲಿ ಪೈರು ನಿಲ್ಲುತ್ತಲೇ ಇರಲಿಲ್ಲವಂತೆ. ತಗ್ಗಿನ ಜಾಗ, ತೆನೆ ತುಂಬುವ ಹೊತ್ತಿಗೆ ಸರಿಯಾಗಿ ಗಾಳಿ. ಒಂದೇ ಬೀಸಿಗೆ ಇಡೀ ಗದ್ದೆ ಮಲಗಿಬಿಡುತ್ತಿತ್ತು. ಅಪ್ಪ ಗಾಳಿಗೆ ಬೈಯುತ್ತಾ ಬದುವಿನ ಮೇಲೆ ಕೂತಿದ್ದರೆ ಅಮ್ಮ ಬಿದ್ದ ಪೈರಿನ ನಡುವೆ ಇಳಿದು, ಇನ್ನೂ ನಿಂತಿದ್ದ ಒಂಟಿ ಗಿಡಗಳನ್ನು ಹುಡುಕಿ ಬಟ್ಟೆಚೂರು ಕಟ್ಟಿ ಬಂದಳು. ಮರುವರ್ಷ ಅವನ್ನೇ ಬೇರೆ ಬಿತ್ತಿದಳು. ಅದರಲ್ಲಿ ನಿಂತವನ್ನು ಮತ್ತೆ ಆರಿಸಿದಳು. ಹೀಗೆ ಇಪ್ಪತ್ತೆರಡು ವರ್ಷ. ನಾನು ಹೊಲಿಗೆ ಕಲಿತ ಮೇಲೆ ಆ ಬಟ್ಟೆಚೂರುಗಳು ನನ್ನ ಅಂಗಡಿಯಿಂದಲೇ ಹೋಗುತ್ತಿದ್ದವು.

ಅವಳದೊಂದು ಕಟ್ಟುನಿಟ್ಟು ಇತ್ತು: ಬದುವಿನ ಅಂಚಿನ ತೆನೆ ಮುಟ್ಟಬಾರದು. ‘ಅಂಚಿನದು ನೋಡೋಕೆ ದಪ್ಪಗಿರುತ್ತೆ ಕಣೇ. ಒಂದು ಕಡೆ ಖಾಲಿ, ಬಿಸಿಲೂ ಅದಕ್ಕೇ, ಗೊಬ್ಬರಾನೂ ಅದಕ್ಕೇ. ಪಕ್ಕದ ಗದ್ದೆಯ ಉದ್ದ ಭತ್ತ ಕಲಬೆರಕೆ ಆಗೋದೂ ಅಲ್ಲೇ. ನಡುಗದ್ದೆಗೆ ಹೋಗು. ನಾಲ್ಕೂ ಕಡೆಯಿಂದ ಒತ್ತಿಸಿಕೊಂಡೂ ನೆಟ್ಟಗೆ ನಿಂತಿರುತ್ತಲ್ಲ, ಅದನ್ನ ತಗೋ,’ ಅನ್ನುತ್ತಿದ್ದಳು.

ಅಪ್ಪ ಕೆಟ್ಟವನೇನಲ್ಲ, ಅದನ್ನೂ ಹೇಳಿಬಿಡುತ್ತೇನೆ. ಕಾಲುವೆ ನೀರಿನ ಸರದಿಗೆ ಜನ ಕೈಕೈ ಮಿಲಾಯಿಸಿದರೆ ಬಿಡಿಸುವವನು ಅವನೇ. ಶಾಲೆಗೆ ಹೆಂಚಿನ ಮಾಡು ಹಾಕಿಸಿದವನು ಅವನೇ. ಸೈಕಲ್ಲಿನ ಹಿಂದೆ ಬೀಜದ ಮೂಟೆ ಕಟ್ಟಿಕೊಂಡು ನಲವತ್ತು ಊರು ಸುತ್ತಿ ಹಂಚಿದವನೂ ಅವನೇ. ಆದರೆ ಹಂಚುತ್ತಾ ಹಂಚುತ್ತಾ ‘ನಾನು ಆರಿಸಿದ ಬೀಜ’ ಅನ್ನತೊಡಗಿದ. ಮೊದಮೊದಲು ಮಾತು ಚುಟುಕಾಗಲಿ ಅಂತ ಅಂದಿರಬೇಕು. ಹತ್ತು ಸಭೆಯಲ್ಲಿ ಹೇಳಿದ ಮೇಲೆ ತಾನೇ ನಂಬಿಬಿಟ್ಟ. ಅಮ್ಮನೇನು ಒಲೆ ಮುಂದೆ ಕೂತವಳಾ? ಊರಿನ ಯಾವ ಹಸು ಕರು ಹಾಕಲು ಒದ್ದಾಡಿದರೂ ಬುಲಾವ್ ಬರುವುದು ಅವಳಿಗೆ. ಹೆಂಗಸರ ಸಂಘ ಕಟ್ಟಿದವಳು ಅವಳು. ಅದೆಲ್ಲ ‘ಅತಿಥಿ ಸತ್ಕಾರ’ದಲ್ಲಿ ಸೇರಿತೇನೋ!

ಪುಸ್ತಕ ಹಿಡಿದು ಸೀದಾ ಮನೆಗೆ ಹೋಗಿ ಗಟ್ಟಿಯಾಗಿ ಓದಿದೆ.

‘ಅದಕ್ಯಾಕೆ ಇಷ್ಟು ಕೂಗಾಡ್ತೀಯ?’ ಅಂದ ಅಪ್ಪ. ‘ಗಂಡ ಹೆಂಡತಿ ಅಂದ್ಮೇಲೆ ಬೇರೆ ಬೇರೆನಾ? ಯಾರ ಹೆಸರಾದ್ರೇನು?’

‘ಯಾರ ಹೆಸರಾದ್ರೂ ಆಗುತ್ತೆ ಅಂದ್ರೆ ಅಮ್ಮನ ಹೆಸರೇ ಹಾಕ್ಸಪ್ಪ!’

ಅಪ್ಪನಿಗೆ ಇದ್ದಕ್ಕಿದ್ದಂತೆ ಹೊರಗೆಲ್ಲೋ ಕೆಲಸ ನೆನಪಾಯಿತು. ಅಮ್ಮ ಮೊರದಿಂದ ತಲೆಯೆತ್ತದೆ, ‘ಬಿಡೇ, ಬೀಜ ಉಳಿದ್ರೆ ಸಾಕು,’ ಅಂದಳು. ಮಾತು ಬೆಳ್ಳಿ, ಮೌನ ಬಂಗಾರವಂತೆ. ಅಮ್ಮನ ಲೆಕ್ಕದಲ್ಲಿ ನಮ್ಮ ಮನೆ ಬಂಗಾರದ ಗಣಿಯೇ ಆಗಬೇಕಿತ್ತು.

ಕಾರ್ಯದರ್ಶಿಯ ಹತ್ತಿರವೂ ಜಗಳ ಆಡಿದೆ. ‘ಜಮೀನು ಯಾರ ಹೆಸರಲ್ಲಿದೆಯೋ ಅವರದೇ ಹೆಸರು, ಇದೆಲ್ಲ ನಿನಗೆ ಗೊತ್ತಾಗಲ್ಲ ಬಿಡಮ್ಮ,’ ಅಂದ. ಅವನ ಅಂಗಿಯನ್ನು ಹೊಲಿಯದೆ ವಾಪಸು ಕೊಟ್ಟೆ.

ಕೊಯ್ಲಿನ ದಿನ ಬೀಜದ ಅಧಿಕಾರಿ ಬಂದಳು. ನಲವತ್ತು ದಾಟಿದ ಹೆಂಗಸು, ಕಡಿಮೆ ಮಾತು, ಕೈಯಲ್ಲಿ ಅರ್ಜಿ. ಸಂಘದ ಅಧ್ಯಕ್ಷ, ಕಾರ್ಯದರ್ಶಿ, ಅರ್ಧ ಊರು ಬದುವಿನ ಮೇಲೆ ನಿಂತಿತ್ತು. ಅಮ್ಮನ ಕೈಗೆ ಟೀ ಕೆಟಲ್ ಕೊಟ್ಟು ನಿಲ್ಲಿಸಿದ್ದರು.

‘ಅರ್ಜಿಯಲ್ಲಿರೋರು ನನ್ನ ಮುಂದೆಯೇ ತೆನೆ ಆರಿಸಿಕೊಡಿ,’ ಅಂದಳು ಅಧಿಕಾರಿ. ‘ಇದನ್ನೇ ಮೂರು ಕಡೆ ಬಿತ್ತಿ ನೋಡ್ತೀವಿ. ಗಾಳಿಗೆ ಬಿತ್ತು ಅಂದ್ರೆ ಅರ್ಜಿ ಅಲ್ಲಿಗೇ ಮುಗೀತು. ಎರಡನೇ ಅವಕಾಶ ಇಲ್ಲ.’

ಅಪ್ಪ ಪಂಚೆ ಎತ್ತಿ ಕಟ್ಟಿದ. ಬದುವಿನಿಂದ ಇಳಿದ ಹಾಗೂ ಮಾಡಿದ, ಇಳಿಯದ ಹಾಗೂ ಮಾಡಿದ. ಅಂಚಿಗೇ ಬಗ್ಗಿ, ಎಲ್ಲಕ್ಕಿಂತ ದಪ್ಪ ತೆನೆಗಳನ್ನು ಕಿತ್ತು ಕಿತ್ತು ಚೀಲಕ್ಕೆ ಹಾಕತೊಡಗಿದ. ಜನ, ‘ಆಹಾ, ಏನು ತೆನೆ! ಎಳೆಗೂಸಿನ ತೋಳಿದ್ದ ಹಾಗಿದೆ!’ ಅಂದರು. ಅಯ್ಯೋ ಶಿವನೇ! ಇಪ್ಪತ್ತೆರಡು ವರ್ಷದ ಕೆಲಸ ನನ್ನ ಕಣ್ಣೆದುರೇ ಹಾಳಾಗುತ್ತಿತ್ತು. ಅಮ್ಮನ ಮುಖ ನೋಡಿದೆ, ಬಿಳಿಚಿಕೊಂಡಿತ್ತು.

‘ಅವು ಬೇಡ,’ ಅಂದಳು ಅಮ್ಮ. ಯಾರಿಗೂ ಕೇಳಿಸಲಿಲ್ಲ. ಕೆಟಲ್ ಕೆಳಗಿಟ್ಟು ಜೋರಾಗಿ ಅಂದಳು: ‘ಅವು ಬೇಡ. ಅಂಚಿನವು ಅವು.’

‘ಅಮ್ಮಾ, ನೀವು ಟೀ ಬಗ್ಗಿಸಿ, ಇಲ್ಲಿ ಸರ್ಕಾರಿ ಕೆಲಸ ನಡೀತಿದೆ,’ ಅಂದ ಕಾರ್ಯದರ್ಶಿ.

‘ಬೇಕಾದ್ರೆ ನೀನು ಬಗ್ಗಿಸು! ಅಮ್ಮ ಹೇಳೋದು ಕೇಳಿಸ್ಲಿಲ್ವಾ?’ ಅಂತ ನಾನು ಕಿರುಚಿದೆ.

ಅಧಿಕಾರಿ ಯಾರನ್ನೂ ಗದರಲಿಲ್ಲ. ಚೀಲಕ್ಕೆ ಕಟ್ಟುವ ಚೀಟಿ ಹಿಡಿದು ಅಪ್ಪನನ್ನೇ ಕೇಳಿದಳು. ‘ಯಜಮಾನ್ರೇ, ಅಂಚಿನದನ್ನೇ ಯಾಕೆ ಆರಿಸಿದ್ರಿ?’

ಅಪ್ಪನ ಕೈ ಚೀಲದೊಳಗೇ ನಿಂತಿತು. ನಲವತ್ತು ಊರಿನಲ್ಲಿ ಅರಳು ಹುರಿದ ಹಾಗೆ ಮಾತಾಡಿದವನು ಇಷ್ಟು ಸಣ್ಣ ಪ್ರಶ್ನೆಗೆ ತಿರುಗಿ ಅಮ್ಮನ ಮುಖ ನೋಡಿದ. ಗದ್ದೆಯೆಲ್ಲ ನೆಲಕಚ್ಚಿದ್ದ ಆ ಹಳೆಯ ದಿನಗಳನ್ನು ಅವನೂ ಕಂಡವನೇ. ಕೊನೆಗೆ ಚೀಲವನ್ನು ಬದುವಿನ ಮೇಲೆ ಬೋರಲು ಹಾಕಿದ.

‘ಆರಿಸೋದು ಇವಳು ಮೇಡಂ. ಮೊದಲಿನಿಂದ್ಲೂ ಇವಳೇ. ನಾನು ಹಂಚೋನು ಅಷ್ಟೇ. ಇಷ್ಟು ದಿನ ಸುಳ್ಳು ಹೇಳ್ಕೊಂಡು ಬಂದೆ.’

ಅಧಿಕಾರಿ ಅರ್ಜಿಯಲ್ಲಿ ಅಪ್ಪನ ಹೆಸರಿಗೆ ಗೀಟೆಳೆದು ಅಮ್ಮನ ಹೆಸರು ಬರೆದುಕೊಂಡಳು. ಅಷ್ಟರಲ್ಲಿ ಅಮ್ಮ ಸೀರೆ ಸಿಕ್ಕಿಸಿಕೊಂಡು ನಡುಗದ್ದೆ ಸೇರಿಯಾಗಿತ್ತು. ಒಂದೊಂದೇ ಗಿಡವನ್ನು ಬುಡ ಹಿಡಿದು ಅಲ್ಲಾಡಿಸಿ, ಪಕ್ಕದ್ದರ ಜೊತೆ ಹೋಲಿಸಿ, ಬಿಟ್ಟು, ಮುಂದೆ ಹೋಗಿ, ಎರಡು ತಾಸು ಬೆನ್ನು ನೆಟ್ಟಗೆ ಮಾಡದೆ ಆರಿಸಿದಳು. ಜೊತೆಗಿದ್ದವರು ನಾನು ಮತ್ತು ಅಧಿಕಾರಿ, ಇಬ್ಬರೇ.

ಉಳಿದವರೆಲ್ಲ ಏನು ಮಾಡುತ್ತಿದ್ದರು ಅಂತೀರಾ? ಚಪ್ಪಾಳೆ ತಟ್ಟುತ್ತಿದ್ದರು, ಅಪ್ಪನಿಗೆ! ಅಧ್ಯಕ್ಷ ಅವನ ಕೈ ಹಿಡಿದು ಕುಲುಕಿದ. ಕಾರ್ಯದರ್ಶಿ ಕಣ್ಣೊರೆಸಿಕೊಂಡ. ಎರಡು ದಶಕ ದುಡಿದವಳಿಗೆ ಒಂದು ಲೋಟ ನೀರು ಕೊಡುವವರಿಲ್ಲ, ಒಂದು ನಿಜ ಹೇಳಿದವನಿಗೆ ಮೆರವಣಿಗೆ ಒಂದು ಬಾಕಿ.

ಎಂಟು ದಿನಕ್ಕೆ ತಿದ್ದಿದ ಪುಸ್ತಕ ಬಂತು. ಹದಿಮೂರು ಪುಟ. ಅಪ್ಪನಿಗೆ ಇನ್ನೊಂದು ಪುಟ ಜಾಸ್ತಿ ಆಗಿತ್ತು. ಕಾರ್ಯದರ್ಶಿಯೇ ಮನೆವರೆಗೂ ತಂದುಕೊಟ್ಟು, ಈ ಸಲ ತಪ್ಪಿಲ್ಲ ಅಂತ ಎದೆಯುಬ್ಬಿಸಿ ನಿಂತ. ಅಪ್ಪ ಕನ್ನಡಕ ಹಾಕಿಕೊಂಡು ಆ ಪುಟವನ್ನು ಒಂದು ಸಲ ಓದಿದ, ಎರಡನೇ ಸಲ ಓದಿದ. ಮೂರನೇ ಸಲಕ್ಕೆ ಮೀಸೆಯಡಿ ನಗು ಕಂಡಿತು.

‘ಏನಂತೆ? ಓದೇ,’ ಅಂದಳು ಅಮ್ಮ.

ನಾನು ಕಿತ್ತುಕೊಂಡು ಓದಿದೆ: ‘ತಳಿಯ ಶ್ರೇಯವನ್ನು ತಮ್ಮ ಶ್ರೀಮತಿಯವರಿಗೆ ತುಂಬಿದ ಸಭೆಯಲ್ಲಿ ಧಾರೆಯೆರೆದ ಈ ವಿಶಾಲಹೃದಯಿಯ ತ್ಯಾಗ ನಾಡಿಗೇ ಮಾದರಿ.’

ಅಮ್ಮ ಒಣಗಲು ಹಾಕಿದ್ದ ಬೀಜದಲ್ಲಿ ಕೈಯಾಡಿಸುತ್ತಿದ್ದವಳು ಎದ್ದಳು. ನನ್ನ ಜನ್ಮದಲ್ಲಿ ಅವಳ ಕಣ್ಣು ಅಷ್ಟು ಕೆಂಪಗಾದದ್ದು ನಾನು ನೋಡಿರಲಿಲ್ಲ. ಕಾರ್ಯದರ್ಶಿಯ ಕಡೆ ತಿರುಗಿಯೂ ನೋಡಲಿಲ್ಲ. ಅಪ್ಪನ ಮುಂದೆ ಬಂದು ನಿಂತಳು.

‘ರೀ,’ ಅಂದಳು. ‘ನನ್ನದನ್ನ ನನಗೆ ಕೊಡೋಕೆ ನಿಮ್ಮ ಹೃದಯ ಎಷ್ಟು ದೊಡ್ಡದಾಗಬೇಕಾಯ್ತು?’

ಅಪ್ಪ ಕನ್ನಡಕ ತೆಗೆದ. ಅಮ್ಮ ಕಾಯುತ್ತಾ ಅಲ್ಲೇ ನಿಂತಿದ್ದಳು.