ಕೈಯಲ್ಲಿ ಸಾರಿನ ವಾಸನೆ

ಮೇಲೆತ್ತಿ ಹಿಡಿದ ಸಿರಿಂಜಿನೊಳಗೆ ಕೆನೆಬಣ್ಣದ ಗಂಜಿ ತನ್ನ ಭಾರಕ್ಕೆ ತಾನೇ ಕುಸಿಯುತ್ತ ಇಳಿಯುತ್ತಿತ್ತು. ಅದನ್ನು ಒತ್ತಿ ನೂಕಬಾರದು, ಕೈ ನೋಯುತ್ತದೆಂದು ತಗ್ಗಿಸಲೂಬಾರದು; ಇಳಿಯುವವರೆಗೆ ಸುಮ್ಮನೆ ಕಾಯಬೇಕು. ಆಹಾರಶಾಸ್ತ್ರ ಓದುತ್ತಿದ್ದ ನಾನು ಕೊನೆಯ ವರ್ಷದ ತರಬೇತಿಗೆಂದು ಊರಿನ ದೊಡ್ಡಾಸ್ಪತ್ರೆಗೆ ಹೋದಾಗ ಮೊದಲು ಕಲಿತದ್ದು ಹಾಗೆ ಕಾಯುವುದನ್ನು.

ಹೆಂಗಸರ ವಾರ್ಡಿನಲ್ಲಿ ಅಂಬುಜಮ್ಮ ಎಂಬವರಿದ್ದರು. ಲಕ್ವ ಹೊಡೆದು ಬಲಭಾಗ ಬಿದ್ದುಹೋಗಿತ್ತು. ಮಾತು ನಿಂತಿತ್ತು, ನುಂಗುವ ಶಕ್ತಿಯೂ ಹೋಗಿತ್ತು. ಬಾಯಿಗೆ ಚಮಚ ನೀರು ಬಿಟ್ಟರೂ ಶ್ವಾಸಕೋಶಕ್ಕೆ ಇಳಿಯುವ ಭಯವಿದ್ದುದರಿಂದ ಮೂಗಿನ ಮೂಲಕ ಹೊಟ್ಟೆಗೆ ನಳಿಕೆ ಹಾಕಿದ್ದರು. ಬೇಳೆಕಟ್ಟು, ಹಾಲು, ಹುರಿದ ಅಕ್ಕಿಹಿಟ್ಟು ಕೂಡಿಸಿ, ಅವರ ಮೈಗೆ ತಕ್ಕ ಲೆಕ್ಕ ಹಿಡಿದು ಗಂಜಿ ಮಾಡಿಸುವುದು ನನ್ನ ಕೆಲಸ. ಹೊತ್ತುಹೊತ್ತಿಗೆ ಹೊಯ್ಯುತ್ತಿದ್ದವರು ಅವರ ನಾದಿನಿ ತುಂಗಮ್ಮ.

ಅಂಬುಜಮ್ಮ ಆ ಮನೆಗೆ ಸೊಸೆಯಾಗಿ ಬಂದಾಗ ತುಂಗಮ್ಮ ಇನ್ನೂ ಲಂಗ ಉಡುವ ಹುಡುಗಿಯಾಗಿದ್ದರಂತೆ. ಆಮೇಲೆ ಮದುವೆಯ ಗೊಡವೆಗೇ ಹೋಗಲಿಲ್ಲ. ಅಣ್ಣ ತೀರಿಕೊಂಡ ಮೇಲೂ ಅತ್ತಿಗೆ ನಾದಿನಿ ಒಂದೇ ಒಲೆಯ ಮುಂದೆ ಉಳಿದರು.

"ಜಗಳ ಆಡಿಲ್ಲ ಅಂದ್ಕೋಬೇಡ ಕಣಮ್ಮ," ಎಂದು ತುಂಗಮ್ಮ ಒಮ್ಮೆ ನಕ್ಕಿದ್ದರು. "ಪಾತ್ರೆ ಎಸೆದು ಆಡಿದೀವಿ. ಆದ್ರೆ ಒಬ್ಬರನ್ನ ಬಿಟ್ಟು ಒಬ್ಬರು ಉಂಡಿದ್ದು ಮಾತ್ರ ಇಲ್ಲ."

ನಾನೂ ನಕ್ಕಿದ್ದೆ. ಆ ಮಾತಿನ ಆಳ ಆಗ ನನಗೆ ತಿಳಿಯಲಿಲ್ಲ.

ಅಂಬುಜಮ್ಮನ ಕೆನ್ನೆಗಳು ತುಂಬಿಕೊಳ್ಳತೊಡಗಿದವು. ನನಗೆ ಮಾರ್ಗದರ್ಶಕರಾಗಿದ್ದ ಸುಲೋಚನಾ ಮೇಡಂ, "ನಿನ್ನ ಲೆಕ್ಕ ಮೈಗೆ ಹತ್ತಿದೆ," ಎಂದಾಗ ನಾನು ಬೀಗಿದ್ದೆ. ಅಂಥ ಹೊತ್ತಿನಲ್ಲೇ ಒಂದು ಬೆಳಿಗ್ಗೆ ಅಂಬುಜಮ್ಮ ಸ್ವಾಧೀನವಿದ್ದ ಎಡಗೈಯಿಂದ ನಳಿಕೆಯನ್ನು ಮಡಚಿ ಹಿಡಿದರು. ಸಿರಿಂಜಿನಲ್ಲಿ ಗಂಜಿ ಅಲುಗದೆ ನಿಂತಿತು. ನರ್ಸು ಬೆರಳು ಬಿಡಿಸಿದರೆ ಮತ್ತೆ ಹಿಡಿದರು. ಮೆದುಳಿಗೆ ಪೆಟ್ಟು ಬಿದ್ದವರು ಹೀಗೆ ಮಾಡುವುದುಂಟು, ಕೈ ಕಟ್ಟಿಬಿಡಿ ಎಂದರು ಡಾಕ್ಟರು.

ಬ್ಯಾಂಡೇಜು ಬಟ್ಟೆ ತರುವಷ್ಟರಲ್ಲಿ ಅಂಬುಜಮ್ಮ ನನ್ನತ್ತ ನೋಡಿದರು. ನಳಿಕೆ ಬಿಟ್ಟು, ಬೆರಳುಗಳನ್ನು ತುತ್ತಿನ ಹಾಗೆ ಕೂಡಿಸಿ ತಮ್ಮ ತುಟಿಗೆ ಮುಟ್ಟಿಸಿಕೊಂಡರು. ಮತ್ತೆ ಅದೇ ಕೈಯನ್ನು ತುಂಗಮ್ಮನ ಕಡೆ ಚಾಚಿದರು. ಆಗ ನಾನು ತುಂಗಮ್ಮನನ್ನು ಸರಿಯಾಗಿ ನೋಡಿದೆ. ಬಳೆಗಳು ಮೊಣಕೈವರೆಗೂ ಜಾರುತ್ತಿದ್ದವು. ಕುಪ್ಪಸ ಬೇರೆ ಯಾರದ್ದೋ ಎಂಬಂತಿತ್ತು. ಮಲಗಿದವರ ಮೈ ತುಂಬಿಸುವ ಸಂಭ್ರಮದಲ್ಲಿ ಪಕ್ಕದಲ್ಲಿ ನಿಂತವರು ಕರಗುತ್ತಿದ್ದುದು ಯಾರ ಕಣ್ಣಿಗೂ ಬಿದ್ದಿರಲಿಲ್ಲ, ಅಂಬುಜಮ್ಮನೊಬ್ಬರನ್ನು ಬಿಟ್ಟು.

"ಊಟ ಮಾಡ್ತಿಲ್ವಾ ತುಂಗಮ್ಮನೋರೆ?"

"ಬಾಯಿಗಿಟ್ರೆ ಇಳಿಯಲ್ಲಮ್ಮ. ಅವರ ಗಂಟಲು ಕಟ್ಟಿರೋವಾಗ ನಂದು ಹ್ಯಾಗೆ ತೆರೀತದೆ?"

ಬಟ್ಟೆ ತಂದ ನರ್ಸನ್ನು ತಡೆದು, ಕಾಡಿ ಬೇಡಿ ತುಂಗಮ್ಮನನ್ನು ಹಜಾರದಾಚೆ ಊಟಕ್ಕೆ ಕಳಿಸಿದೆ. ತಿರುಗಿ ಬಂದೊಡನೆ ಅಂಬುಜಮ್ಮ ತುಂಗಮ್ಮನ ಬಲಗೈಯನ್ನು ಎಳೆದು ಮೂಸಿದರು. ಸಾರಿನ ವಾಸನೆ ಹತ್ತಿರಬೇಕು. ಕಣ್ಣು ಮುಚ್ಚಿದರು, ಮತ್ತೆ ನಳಿಕೆಗೆ ಕೈ ಹಾಕಲಿಲ್ಲ. ಗಂಜಿ ಇಳಿಯಿತು. ಅಂದಿನಿಂದ ಅದೇ ಕ್ರಮವಾಯಿತು. ಮೊದಲು ಕೈ ಮೂಸಬೇಕು, ಆಮೇಲೆ ಗಂಜಿ.

ಒಂದು ಮಧ್ಯಾಹ್ನ ಅಡುಗೆಮನೆಯ ಹಿಂದಿನ ನಲ್ಲಿಯ ಬಳಿ ತುಂಗಮ್ಮ ಬೆನ್ನು ಮಾಡಿ ನಿಂತಿದ್ದರು. ಅನ್ನವನ್ನೆಲ್ಲ ನಾಯಿಗಳಿಗೆ ಹಾಕಿ, ತಟ್ಟೆಯಲ್ಲಿ ಉಳಿದ ಸಾರಿಗೆ ಬೆರಳದ್ದುತ್ತಿದ್ದರು. ನನ್ನನ್ನು ಕಂಡು ಬೆಚ್ಚಲಿಲ್ಲ.

"ಅತ್ತಿಗೆಗೆ ಹೇಳ್ಬೇಡ ಮಗಳೇ. ಕುಡೀತಿದಾರಲ್ಲ, ಅಷ್ಟೇ ಸಾಕು ನಂಗೆ."

ಹೇಳಿದರೆ ಅಲ್ಲಿ ಒಬ್ಬರ ಅನ್ನ ನಿಲ್ಲುತ್ತಿತ್ತು. ಹೇಳದಿದ್ದರೆ ಇಲ್ಲಿ ಒಬ್ಬರದು ಶುರುವೇ ಆಗುತ್ತಿರಲಿಲ್ಲ. ನಾನು ಓಡಿದ್ದು ಸುಲೋಚನಾ ಮೇಡಂ ಬಳಿಗೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ತುಂಗಮ್ಮ ನಮ್ಮ ರೋಗಿಯಲ್ಲ ಕಣೆ. ಅಡ್ಮಿಟ್ ಮಾಡೋಕೆ ಕಾಯಿಲೆಯೂ ಇಲ್ಲ. ಏನು ಮಾಡೋಣ ಹೇಳು?" ಅದು ನನ್ನನ್ನು ಪರೀಕ್ಷಿಸುವ ಪ್ರಶ್ನೆಯಾಗಿರಲಿಲ್ಲ. ಅವರಿಗೂ ಗೊತ್ತಿರಲಿಲ್ಲ.

ಕೊನೆಗೆ ಮಾರನೆಯ ದಿನ ಅಂಬುಜಮ್ಮನ ಗಂಜಿಯಲ್ಲೇ ಒಂದು ಲೋಟ ತೆಗೆದು ತುಂಗಮ್ಮನ ಮುಂದಿಟ್ಟೆ. "ಇದು ಅತ್ತಿಗೆ ತಗೊಳ್ಳೋದೇ. ಅವರ ಜೊತೆಗೇ ಕುಡೀರಿ."

ಅವರು ಲೋಟವನ್ನೂ ಅತ್ತಿಗೆಯನ್ನೂ ನೋಡಿದರು. ಒಂದು ಗುಟುಕು ಕುಡಿದವರೇ ಮುಖ ಹಿಂಡಿದರು.

"ಇಷ್ಟು ಸಪ್ಪೆಯಾ! ಇದನ್ನೇ ಕುಡೀತಿದ್ರಾ ಅತ್ತಿಗೆ ನೀವು, ಇಷ್ಟು ದಿನ?"

ಅಳುತ್ತಲೇ ಲೋಟ ಮುಗಿಸಿದರು. ಅಂಬುಜಮ್ಮನ ಬಾಯಿಯ ಎಡಗೊನೆ ಮೇಲಕ್ಕೆ ಸೊಟ್ಟಗಾಯಿತು. ನಗು ಅದು. ಅವರ ಮುಖದ ಮೇಲೆ ನಾನು ಕಂಡ ಒಂದೇ ನಗು.

ಗೆದ್ದೆವೆಂದುಕೊಂಡೆ. ಆದರೆ ಆ ವಾರವೇ ಅಂಬುಜಮ್ಮನಿಗೆ ಜ್ವರ ಬಂತು. ಬಾಯಿಗೆ ಏನನ್ನೂ ಕೊಡದಿದ್ದರೂ ಸ್ವಂತ ಜೊಲ್ಲೇ ಶ್ವಾಸಕೋಶಕ್ಕೆ ಇಳಿದಿತ್ತಂತೆ. ಉಬ್ಬಸ ಹೆಚ್ಚಾಗಿ ಗಂಜಿಯನ್ನು ನಿಲ್ಲಿಸಿದರು. ಮಾಡಿಸಲು ನನಗೆ ಏನೂ ಉಳಿಯಲಿಲ್ಲ. ಹಾಸಿಗೆಯ ಆ ಬದಿಯಲ್ಲಿ ತುಂಗಮ್ಮ, ಈ ಬದಿಯಲ್ಲಿ ನಾನು, ಬರಿಗೈಯಲ್ಲಿ ನಿಂತಿದ್ದೆವು. ಹಾಗೆ ನಿಂತಿರುವಾಗಲೇ ಅಂಬುಜಮ್ಮ ಹೋದರು.

ಕರ್ಮಗಳೆಲ್ಲ ಮುಗಿದ ಮೇಲೆ ತುಂಗಮ್ಮ ನನ್ನನ್ನು ಹುಡುಕಿಕೊಂಡು ಆಸ್ಪತ್ರೆಗೆ ಬಂದರು. ಅಡುಗೆಮನೆಯ ಕಟ್ಟೆಯ ಮೇಲೆ ಇಬ್ಬರೂ ಕೂತೆವು.

"ಊಟ ಮಾಡ್ತಿದೀರಾ?" ಎಂದೆ.

"ಮಾಡ್ತೀನಮ್ಮ, ಸುಳ್ಳಲ್ಲ. ಈವರೆಗೆ ಅಕ್ಕಪಕ್ಕದೋರು ತಂದುಕೊಟ್ರು. ಇವತ್ತಿಂದ ನಾನೇ ಒಲೆ ಹಚ್ಚಬೇಕು." ಸೆರಗಿನ ತುದಿಯನ್ನು ಸುತ್ತುತ್ತ ತಡೆದು ಕೇಳಿದರು: "ಅದನ್ನೇ ಕೇಳೋಣ ಅಂತ ಬಂದೆ. ನೀನು ಕಲ್ತೋಳು. ಒಬ್ಬಳಿಗೆ ಎಷ್ಟು ಅಕ್ಕಿ ಹಾಕ್ಬೇಕು? ನಂಗೆ ಆ ಅಳತೆ ಗೊತ್ತಿಲ್ಲ."

ಅವರ ವಯಸ್ಸಿಗೆ, ಮೈಕಟ್ಟಿಗೆ ಎಷ್ಟೆಂಬುದು ನನಗೆ ಬಾಯಿಪಾಠವಾಗಿತ್ತು.

"ಒಂದು ಹಿಡಿ, ಮೇಲೆ ಸ್ವಲ್ಪ," ಎಂದೆ.

ತುಂಗಮ್ಮ ಬಲಗೈಯನ್ನು ಬಿಚ್ಚಿ, ಕುಳಿ ಮಾಡಿ, ಅದರೊಳಗೆ ನೋಡಿದರು. "ಅಷ್ಟೇನಾ," ಎಂದರು. ಆಮೇಲೆ ಒಂದೂ ಕಾಳು ಚೆಲ್ಲಬಾರದೆಂಬಂತೆ ನಿಧಾನವಾಗಿ ಬೆರಳು ಮಡಚಿಕೊಂಡು, ಆ ಮುಷ್ಟಿಯನ್ನು ಮಡಿಲಲ್ಲಿಟ್ಟುಕೊಂಡು ಕೂತರು.